ಒಂದೇ ದಿನ 40 ಸೀರೆ: ಮೊದಲ ಫೋಟೋಶೂಟ್‌ಗೆ ಹೇಗೆ ತಯಾರಾಗಲಿ?

ಪ್ರಶ್ನೆ: ನನಗೆ 22 ವರ್ಷ, ಊರು ದಾವಣಗೆರೆ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಕೆಲಸ ಮಾಡುತ್ತಿದ್ದೇನೆ. ಗೆಳತಿಯ ಮದುವೆಯಲ್ಲಿ ತೆಗೆದ ಫೋಟೋ ನೋಡಿ ಚಿಕ್ಕಪೇಟೆಯ ಒಂದು ಹೋಲ್‌ಸೇಲ್ ಸೀರೆ ಅಂಗಡಿಯವರು ಕ್ಯಾಟಲಾಗ್‌ಗೆ ಕರೆದಿದ್ದಾರೆ. ಮುಂದಿನ ಭಾನುವಾರ ಸ್ಟುಡಿಯೋದಲ್ಲಿ ಶೂಟ್, ಒಂದೇ ದಿನ 40 ಸೀರೆ ಅಂತೆ. ನಾನು ಯಾವತ್ತೂ ಮಾಡೆಲಿಂಗ್ ಮಾಡಿದವಳಲ್ಲ. ನನ್ನ ಬಣ್ಣ ಕಪ್ಪು, ಬ್ಲೀಚ್ ಅಥವಾ ಫೇಶಿಯಲ್ ಮಾಡಿಸಲಾ? ಪೋಸ್ ಕೊಡೋಕೆ ಬರಲ್ಲ. ದುಡ್ಡಿನ ಮಾತು ಹೇಗೆ ಆಡಲಿ? ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋದರೆ ತಪ್ಪು ತಿಳಿಯುತ್ತಾರಾ?

ಉತ್ತರ:

ಬ್ಲೀಚ್ ಬೇಡ. ಫೇಶಿಯಲ್ಲೂ ಬೇಡ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಶೂಟ್‌ಗೆ ಒಂದು ವಾರ ಇದೆ ಅನ್ನುವಾಗಲೇ ಎಲ್ಲರೂ ಪಾರ್ಲರ್‌ಗೆ ಓಡುವುದು. ಸೀರೆ ಶೂಟ್‌ಗಳಲ್ಲಿ ಉಡಿಸುವ ಕೆಲಸಕ್ಕೆ ನಾನು ಸೇರಿ 15 ವರ್ಷ ಆಯಿತು, ಈಗ ಸ್ಟೈಲಿಂಗ್ ಕೂಡ ಮಾಡುತ್ತೇನೆ. ಹಿಂದಿನ ದಿನ ಯಾವುದೋ ಹೊಸ ಫೇಶಿಯಲ್ ಮಾಡಿಸಿಕೊಂಡು, ಬೆಳಿಗ್ಗೆ ಕೆನ್ನೆ ತುಂಬ ಗುಳ್ಳೆ ಎದ್ದು, ಕಣ್ಣಲ್ಲಿ ನೀರು ತುಂಬಿಕೊಂಡು ಬಂದ ಹುಡುಗಿಯರನ್ನು ಎಷ್ಟೋ ಸಲ ನೋಡಿದ್ದೇನೆ. ಗುಳ್ಳೆಯ ಬಣ್ಣವನ್ನು ಮೇಕಪ್ ಮುಚ್ಚುತ್ತದೆ, ಉಬ್ಬನ್ನು ಮುಚ್ಚುವುದಿಲ್ಲ. ಪಕ್ಕದಿಂದ ಲೈಟ್ ಬಿದ್ದರೆ ಪ್ರತಿಯೊಂದು ಉಬ್ಬಿಗೂ ಒಂದು ನೆರಳು. ಈ ವಾರ ಹೊಸ ಕ್ರೀಮು, ಹೊಸ ಸೋಪು, ಯಾರೋ ಹೇಳಿದ ಮನೆಮದ್ದು ಯಾವುದೂ ಬೇಡ. ದಿನಾ ಹಚ್ಚುವುದನ್ನೇ ಹಚ್ಚಿ. ಹುಬ್ಬು ತೆಗೆಸುವುದು, ವ್ಯಾಕ್ಸಿಂಗ್ ಮಾಡಿಸುವುದು ಇದ್ದರೆ ಗುರುವಾರದ ಒಳಗೆ ಮುಗಿಸಿ, ಕೆಂಪಾಗಿದ್ದು ಇಳಿಯೋಕೆ ಸಮಯ ಸಿಗಬೇಕು. ಮದರಂಗಿ ಹಚ್ಚಿಕೊಳ್ಳಬೇಡಿ, 40 ಸೀರೆಗೂ ಅದೇ ಕೈ ಕಾಣುತ್ತದೆ.

ಇನ್ನು ಬಣ್ಣ. "ನನ್ನ ಬಣ್ಣ ಕಪ್ಪು" ಅಂತ ನೀವು ಬರೆದದ್ದರಲ್ಲೇ ಅಳುಕು ಕಾಣುತ್ತಿದೆ. ಅವರು ನಿಮ್ಮ ಫೋಟೋ ನೋಡಿಯೇ ಕರೆದಿದ್ದಾರೆ ಅಲ್ವಾ? ಅವರಿಗೆ ಬೇಕಾಗಿರುವುದು ಆ ಫೋಟೋದಲ್ಲಿ ಇದ್ದ ಹುಡುಗಿ. ನನ್ನ ಭಯ ಬೇರೆಯೇ ಇದೆ. ಕೆಲವು ಕಡೆ ಮೇಕಪ್‌ನವರು ಇರುವ ಒಂದೆರಡು ಶೇಡ್‌ಗಳಲ್ಲೇ ಎಲ್ಲರ ಮುಖವನ್ನೂ ಮುಗಿಸುತ್ತಾರೆ. ಸೀರೆಯಲ್ಲಿ ಮುಖ ಒಂದೇ ಕಾಣುವುದಿಲ್ಲ. ಕತ್ತು, ತೋಳು, ಬೆನ್ನು, ಸೊಂಟದ ಪಕ್ಕ ಎಲ್ಲ ಕಾಣುತ್ತದೆ. ಮುಖಕ್ಕೆ ಎರಡು ಶೇಡ್ ತಿಳಿ ಬಣ್ಣ ಬಳಿದರೆ ಮುಖ ಬೂದಿ ಹಚ್ಚಿದ ಹಾಗೆ, ಕೈ ಬೇರೆ ಯಾರದೋ ಹಾಗೆ ಕಾಣುತ್ತದೆ. ಅದಕ್ಕೇ ನಿಮ್ಮ ಬಣ್ಣಕ್ಕೆ ಸರಿಯಾಗಿ ಹೊಂದುವ ಫೌಂಡೇಶನ್ ಒಂದನ್ನು ನೀವೇ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ ಕೈ ಮೇಲೆ ಹಚ್ಚಿ ನೋಡಬೇಡಿ. ದವಡೆಯ ಅಂಚಿಗೆ ಹಚ್ಚಿ, ಬಾಗಿಲ ಹತ್ತಿರ ಬಂದು ಹಗಲು ಬೆಳಕಿನಲ್ಲಿ ನೋಡಿ. ಹಚ್ಚಿದ ಜಾಗ ಎಲ್ಲಿ ಅಂತ ಹುಡುಕಬೇಕಾದರೆ ಅದು ನಿಮ್ಮ ಶೇಡ್. ಆಮೇಲೆ ಮನೆಯಲ್ಲಿ ಕತ್ತಲೆ ಮಾಡಿ ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಯಿರಿ. ಕೆಲವು ಸನ್‌ಸ್ಕ್ರೀನ್, ಕೆಲವು ಬಿಳಿ ಪೌಡರ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ, ಫ್ಲ್ಯಾಶ್ ಬಿದ್ದಾಗ ಮುಖ ಬೆಳ್ಳಗೆ ಹೊಡೆಯುತ್ತದೆ. ಇದು ಸ್ಟುಡಿಯೋದಲ್ಲಿ ಗೊತ್ತಾಗುವುದಕ್ಕಿಂತ ಪಿಜಿ ರೂಮಿನಲ್ಲೇ ಗೊತ್ತಾದರೆ ಒಳ್ಳೆಯದು.

ಪೋಸ್ ಬಗ್ಗೆ ಹೇಳುವ ಮೊದಲು ಒಂದು ಮಾತು. ಇದು ನಿಮ್ಮ ಮುಖದ ಪರೀಕ್ಷೆ ಅಂದುಕೊಂಡು ಹೆದರಿದ್ದೀರಿ. ಕ್ಯಾಟಲಾಗ್ ಶೂಟ್‌ನಲ್ಲಿ ಮಾರಾಟಕ್ಕಿರುವುದು ಸೀರೆ. ರಾಣೆಬೆನ್ನೂರಿನ ಅಂಗಡಿಯವರು ಫೋನಿನಲ್ಲಿ ಆ ಫೋಟೋ ನೋಡಿ 20 ಪೀಸ್ ಕಳಿಸಿ ಅನ್ನಬೇಕು. ಅವರು ನೋಡುವುದು ಅಂಚು ಎಷ್ಟು ಅಗಲ, ಸೆರಗಿನಲ್ಲಿ ಏನಿದೆ, ಬ್ಲೌಸ್ ಪೀಸ್ ಯಾವ ಬಣ್ಣ, ಬಟ್ಟೆ ಮೆತ್ತಗಿದೆಯಾ ಸೆಟೆದು ನಿಲ್ಲುತ್ತಾ ಅಂತ. ನೀವು ಅಲ್ಲಿಗೆ ಹೋಗುತ್ತಿರುವುದು ಅದನ್ನು ತೋರಿಸೋಕೆ. ಇದು ತಲೆಗೆ ಹೋದರೆ ಅರ್ಧ ಭಯ ಹೋಗುತ್ತದೆ, ಕೈಯನ್ನು ಎಲ್ಲಿಡಲಿ ಅನ್ನುವ ಪ್ರಶ್ನೆಗೂ ಅದರಲ್ಲೇ ಉತ್ತರ ಇದೆ.

ಹಾಗಾಗಿ ನಾಳೆಯೇ ಫೋನ್ ಮಾಡಿ ಯಾವ ಯಾವ ಸೀರೆ ಅಂತ ಕೇಳಿ. ಇಳಕಲ್ ಸೀರೆ ಆದರೆ ಅದರ ಜೀವ ಇರುವುದು ಸೆರಗಿನಲ್ಲಿ, ಕೆಂಪು ನೆಲದ ಮೇಲೆ ಬಿಳಿ ಹಲ್ಲಿನ ಸಾಲಿನ ಹಾಗೆ ಬರುವ ಟೋಪ್ ತೆನಿಯಲ್ಲಿ. ಅದನ್ನು ಸಣ್ಣ ನೆರಿಗೆ ಮಾಡಿ ಭುಜಕ್ಕೆ ಪಿನ್ ಹೊಡೆದರೆ ಮುಗಿಯಿತು, ಇಳಕಲ್ ಅಂತಲೇ ಗೊತ್ತಾಗುವುದಿಲ್ಲ. ಸೆರಗನ್ನು ತೋಳಿನ ಮೇಲೆ ಹರಡಿ ಹಿಡಿಯಬೇಕು, ಕೈ ಅಲುಗದೆ. ಮೈಸೂರು ಸಿಲ್ಕಿನ ಥರದ ಕ್ರೇಪ್ ಆದರೆ ಅದು ಮೈಗೆ ಅಂಟಿ ಇಳಿಯುತ್ತದೆ. ಚಂದ ಅದೇ, ಕಷ್ಟವೂ ಅದೇ, ಯಾಕೆಂದರೆ ಒಳಲಂಗದ ಲಾಡಿಯ ಗಂಟು ಕೂಡ ಉಬ್ಬಿ ಕಾಣುತ್ತದೆ. ಅದಕ್ಕೆ ಒಳಲಂಗದ ಬದಲು ಮೈಗೆ ಹೊಂದಿ ಕೂರುವ ಸೀರೆ ಶೇಪರ್ ಹಾಕಿ. ದಪ್ಪ ಜರಿಯ ರೇಷ್ಮೆ ಲೈಟಿಗೆ ನೇರ ಎದುರಾಗಿ ನಿಂತರೆ ಜರಿ ಬೆಳ್ಳಗೆ ಹೊಡೆದು ಡಿಸೈನ್ ಮಾಯ. ಮೈಯನ್ನು ಸ್ವಲ್ಪ ತಿರುಗಿಸಿದರೆ ಚಿನ್ನದ ಬಣ್ಣ ಬರುತ್ತದೆ. ಇದನ್ನು ಫೋಟೋಗ್ರಾಫರ್ ನೋಡಿಕೊಳ್ಳುತ್ತಾರೆ, ಆದರೆ "ಒಂಚೂರು ಎಡಕ್ಕೆ" ಅಂತ ಅವರು ಯಾಕೆ ಹೇಳುತ್ತಿದ್ದಾರೆ ಅಂತ ನಿಮಗೂ ಗೊತ್ತಿದ್ದರೆ ಎರಡನೇ ಸಲ ಹೇಳುವ ಕೆಲಸ ಇರುವುದಿಲ್ಲ.

ಗದಗ-ಬೆಟಗೇರಿ ಕಡೆಯ ಒಬ್ಬಳು ಹುಡುಗಿ ಬಂದಿದ್ದಳು, ಅವಳದೂ ಮೊದಲ ಶೂಟ್. ಮೂರು ಸೀರೆ ಆಗುವವರೆಗೂ ಕೈ ಕೋಲಿನ ಹಾಗೆ, ನಗು ಪಾಸ್‌ಪೋರ್ಟ್ ಫೋಟೋದ್ದು. ಅಂಗಡಿಯವರು ನನ್ನ ಮುಖ ನೋಡೋಕೆ ಶುರು ಮಾಡಿದರು. ನಾನು ನೆರಿಗೆ ಸರಿಮಾಡುವ ನೆಪದಲ್ಲಿ ಹೋಗಿ, "ನಿಮ್ಮನೇಲಿ ಮಗ್ಗ ಐತೆ ಅಂದಿದ್ಯಲ್ಲ, ಈ ಅಂಚು ಹೆಂಗದೆ ನೋಡಿ ಹೇಳವ್ವಾ" ಅಂದೆ. ಅವಳು ತಲೆ ಬಗ್ಗಿಸಿ, ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಒಮ್ಮೆ ಉಜ್ಜಿ, ಮಗುಚಿ ಹಿಂದಿನ ದಾರ ನೋಡಿದಳು. ಭುಜ ತಾನಾಗಿ ಇಳಿಯಿತು. ಫೋಟೋಗ್ರಾಫರ್ ಸುಮ್ಮನೆ ನಾಲ್ಕು ಕ್ಲಿಕ್ ಹೊಡೆದರು. ಆ ಕ್ಯಾಟಲಾಗಿನ ಮುಖಪುಟಕ್ಕೆ ಹೋದದ್ದು ಅದೇ ಫೋಟೋ. ಆಮೇಲೆ ಅವಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

ಅಭ್ಯಾಸ ಮಾತ್ರ ಮನೆಯಲ್ಲೇ ಮಾಡಬೇಕು. ಪೂರ್ತಿ ಮೈ ಕಾಣುವ ಕನ್ನಡಿ ಮುಂದೆ, ಸೀರೆ ಉಟ್ಟು, ಶೂಟ್‌ಗೆ ಹಾಕುವ ಹೀಲ್ಸ್ ಹಾಕಿಕೊಂಡು, ದಿನಾ 20 ನಿಮಿಷ. ಪ್ಯಾಂಟಿನಲ್ಲಿ ಅಭ್ಯಾಸ ಮಾಡಿದರೆ ಉಪಯೋಗ ಇಲ್ಲ, ಸೀರೆಯಲ್ಲಿ ಕಾಲಿನ ಹೆಜ್ಜೆಯೇ ಬೇರೆ. ಒಂದು ಸೀರೆಗೆ ಸಾಮಾನ್ಯವಾಗಿ ನಾಲ್ಕೈದು ಫೋಟೋ ಇರುತ್ತವೆ: ಎದುರಿನಿಂದ ಪೂರ್ತಿ, ಸ್ವಲ್ಪ ಓರೆಯಾಗಿ, ಸೆರಗು ಹರಡಿದ್ದು, ಬೆನ್ನು, ಸೊಂಟದವರೆಗಿನದು. ಈ ಐದನ್ನೂ ಒಂದರ ಹಿಂದೆ ಒಂದು ನಿಲ್ಲದೆ ಮಾಡುವ ಹಾಗೆ ಮೈಗೆ ರೂಢಿ ಮಾಡಿ.

ಹೇಗೆ ನಿಲ್ಲಬೇಕು ಅಂದರೆ, ಊರಿನಲ್ಲಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಯಾರ ಜೊತೆಗಾದರೂ ಮಾತಿಗೆ ನಿಲ್ಲುತ್ತಾರಲ್ಲ, ಆ ಥರ. ಭಾರ ಎಲ್ಲ ಒಂದು ಕಾಲಿನ ಮೇಲೆ, ಇನ್ನೊಂದು ಮಂಡಿ ಸಡಿಲ, ಸೊಂಟ ತಾನಾಗಿ ಒಂದು ಕಡೆಗೆ. ತೋಳು ಮೈಗೆ ಅಂಟಿಸಬೇಡಿ. ತೋಳಿಗೂ ಸೊಂಟಕ್ಕೂ ನಡುವೆ ಬೆಳಕು ಕಾಣುವಷ್ಟು ಜಾಗ ಇರಲಿ, ಇಲ್ಲದಿದ್ದರೆ ಫೋಟೋದಲ್ಲಿ ಮೈ ಅಗಲ ಕಾಣುತ್ತದೆ. ಗದ್ದವನ್ನು ಆಮೆಯ ಹಾಗೆ ಚೂರು ಮುಂದೆ ತಂದು ಚೂರು ಇಳಿಸಿ. ಮಾಡುವಾಗ ವಿಚಿತ್ರ ಅನ್ನಿಸುತ್ತದೆ, ಫೋಟೋದಲ್ಲಿ ದವಡೆ ಗೆರೆ ಹೊಡೆದ ಹಾಗೆ ಬರುತ್ತದೆ. ಅಂಗೈ ಕ್ಯಾಮೆರಾ ಕಡೆ ಬೇಡ, ಕೈಯ ಪಕ್ಕ ಕಾಣಲಿ. ನೀವು ಭರತನಾಟ್ಯ ಕಲಿತಿದ್ದರೆ ಬೆನ್ನು ನೆಟ್ಟಗೆ ಇರುತ್ತದೆ, ಅದು ಒಳ್ಳೆಯದು, ಆದರೆ ಬೆರಳು ತಾನಾಗಿ ಮುದ್ರೆಗೆ ಹೋಗುತ್ತದೆ, ಅದೊಂದನ್ನು ಗಮನಿಸಿ. ನಗು ಸಿಕ್ಕಿಹಾಕಿಕೊಂಡ ಹಾಗೆ ಆದರೆ ಕಣ್ಣು ಮುಚ್ಚಿ, ಬಾಯಿಂದ ಉಸಿರು ಬಿಟ್ಟು, ಕಣ್ಣು ತೆರೆಯುತ್ತಾ ನಗಿ.

ಸ್ಟುಡಿಯೋ ಫ್ಲ್ಯಾಶ್‌ಗೆ ಒಂದು ತಾಳ ಇದೆ. ಒಂದು ಸಲ ಹೊಡೆದ ಮೇಲೆ ಮತ್ತೆ ಚಾರ್ಜ್ ಆಗೋಕೆ ಅದಕ್ಕೆ ಸ್ವಲ್ಪ ಸಮಯ ಬೇಕು, ಕೆಲವಕ್ಕೆ ಒಂದು ಸೆಕೆಂಡು, ಕೆಲವಕ್ಕೆ ಎರಡು. ಫ್ಲ್ಯಾಶ್ ಹೊಡೆಯುವವರೆಗೂ ನಿಲ್ಲಿ, ಹೊಡೆದ ಮೇಲೆ ಬದಲಿಸಿ, ಮತ್ತೆ ನಿಲ್ಲಿ. ಹತ್ತು ನಿಮಿಷದಲ್ಲಿ ಆ ತಾಳ ಹಿಡಿಯುತ್ತೀರಿ. ಪ್ರತಿ ಕ್ಲಿಕ್ಕಿಗೂ ಓಡಿಹೋಗಿ ಸ್ಕ್ರೀನ್ ನೋಡಬೇಡಿ. ನೋಡಿದರೆ ಮೂಗು ಹೀಗಿದೆ, ಹೊಟ್ಟೆ ಹಾಗಿದೆ ಅಂತ ಮನಸ್ಸು ಮತ್ತೆ ಮುಖಕ್ಕೇ ಹೋಗುತ್ತದೆ. ಮೊದಲ ಎರಡು ಸೀರೆ ಆದಮೇಲೆ ಒಂದು ಸಲ ಫೋಟೋಗ್ರಾಫರ್ ಪಕ್ಕ ನಿಂತು ನೋಡಿ, ಏನು ಬದಲಿಸಲಿ ಅಂತ ಕೇಳಿ, ಸಾಕು.

ಈಗ ಆ 40ರ ಲೆಕ್ಕ ಹಾಕೋಣ, ಇದು ನನಗೆ ಚಿಂತೆಯ ವಿಷಯ. ಕೈ ಪಳಗಿದವರು ಒಂದು ಸೀರೆ ಉಡಿಸಿ ಪಿನ್ ಹೊಡೆಯೋಕೆ 8 ನಿಮಿಷ ಅಂದುಕೊಳ್ಳಿ. ಫೋಟೋಗೆ 5 ನಿಮಿಷ. 13 ನಿಮಿಷದಂತೆ 40 ಸೀರೆಗೆ 520 ನಿಮಿಷ, ಅಂದರೆ 8 ಗಂಟೆ 40 ನಿಮಿಷ. ಮೊದಲ ಮೇಕಪ್ಪಿಗೆ ಒಂದೂವರೆ ಗಂಟೆ, ಊಟಕ್ಕೆ ಅರ್ಧ ಗಂಟೆ. ಎಲ್ಲಿಯೂ ಏನೂ ತಡವಾಗದಿದ್ದರೂ 10 ಗಂಟೆ 40 ನಿಮಿಷ. ಬೆಳಿಗ್ಗೆ 7ಕ್ಕೆ ಹೋದರೆ ಸಂಜೆ ಆರು ಹತ್ತಿರ. ಮಧ್ಯದಲ್ಲಿ ಕೂದಲಿನ ಸ್ಟೈಲ್ ಎರಡು ಸಲ ಬದಲಿಸಿದರೆ, ಒಂದು ಬ್ಲೌಸ್ ಹಿಡಿಸದಿದ್ದರೆ, ರಾತ್ರಿ ಎಂಟು. ಮೊದಲ ಸಲಕ್ಕೆ ಇದು ಜಾಸ್ತಿ. ನೆರಿಗೆ ಮೊದಲೇ ಹಿಡಿದು ಇಸ್ತ್ರಿ ಮಾಡಿಟ್ಟಿರುತ್ತಾರಾ, ಉಡಿಸೋಕೆ ಎಷ್ಟು ಜನ ಇರುತ್ತಾರೆ, ಇನ್ನೊಬ್ಬ ಮಾಡೆಲ್ ಇದ್ದಾರಾ ಅಂತ ಕೇಳಿ. ಇಬ್ಬರಿದ್ದರೆ ಒಬ್ಬರ ಫೋಟೋ ತೆಗೆಯುವಾಗ ಇನ್ನೊಬ್ಬರಿಗೆ ಉಡಿಸುತ್ತಾರೆ, ಆಗ 40 ಆರಾಮ. ಒಬ್ಬರೇ ಅಂದರೆ 25ಕ್ಕೆ ಒಪ್ಪಿಕೊಳ್ಳಿ, ಅಥವಾ ಎರಡು ದಿನ ಮಾಡೋಣ ಅನ್ನಿ. ಕೇಳುವುದರಲ್ಲಿ ತಪ್ಪಿಲ್ಲ. ಸಂಜೆ ಹೊತ್ತಿಗೆ ಸುಸ್ತಾದ ಮುಖದ ಮೇಲೆ ಅವರ ಒಳ್ಳೆಯ ಸೀರೆ ಹೋಗುವುದು ಅವರಿಗೂ ಬೇಡ.

ಅಳತೆ ನಿಜ ಹೇಳಿ. ಬ್ಲೌಸ್ ದೊಡ್ಡದಾದರೆ ಹಿಂದೆ ಕ್ಲಿಪ್ ಹಾಕಿ ಹಿಡಿಸುತ್ತೇವೆ, ಮುಂದಿನಿಂದ ಗೊತ್ತಾಗುವುದಿಲ್ಲ. ಚಿಕ್ಕದಾದರೆ ಯಾರೂ ಏನೂ ಮಾಡೋಕೆ ಆಗಲ್ಲ. ಎತ್ತರವನ್ನು ಬರಿಗಾಲಲ್ಲಿ ಅಳೆದು ಹೇಳಿ. ಒಂದು ಇಂಚು ಜಾಸ್ತಿ ಹೇಳಿದರೆ ಏನೂ ಲಾಭ ಇಲ್ಲ.

ಶನಿವಾರ ತಲೆಗೆ ನೀರು ಹಾಕಿಕೊಳ್ಳಿ, ಎಣ್ಣೆ ಹಚ್ಚಬೇಡಿ. ಭಾನುವಾರ ಬೆಳಿಗ್ಗೆಯೇ ತಲೆಸ್ನಾನ ಮಾಡಿದರೆ ಕೂದಲು ಜಾರುತ್ತದೆ, ತುರುಬು ನಿಲ್ಲುವುದಿಲ್ಲ. ಉಗುರು ಚಿಕ್ಕದು ಮಾಡಿ, ಅಂಚನ್ನು ನಯವಾಗಿ ಉಜ್ಜಿ. ಒರಟು ಉಗುರು, ಒಡೆದ ಹಿಮ್ಮಡಿ ರೇಷ್ಮೆಯ ಎಳೆಯನ್ನು ಎಳೆದುಬಿಡುತ್ತವೆ, ಆ ಸೀರೆ ಮಾರೋಕೆ ಆಗಲ್ಲ. ಕೈ ಕಾಲಿಗೆ ಈ ವಾರ ರಾತ್ರಿ ವ್ಯಾಸಲೀನ್ ಹಚ್ಚಿ ಮಲಗಿ. ಶನಿವಾರ ರಾತ್ರಿ ಉಪ್ಪಿನಕಾಯಿ, ಹಪ್ಪಳ, ಮಂಡಕ್ಕಿ-ಮೆಣಸಿನಕಾಯಿ ಬೇಡ. ದಾವಣಗೆರೆಯವರಿಗೆ ಇದನ್ನು ಹೇಳುವುದು ಕಷ್ಟ, ಆದರೆ ಉಪ್ಪು ಜಾಸ್ತಿ ಆದರೆ ಬೆಳಿಗ್ಗೆ ಕಣ್ಣಿನ ಕೆಳಗೆ ಊದಿರುತ್ತದೆ. ಬೆಳಿಗ್ಗೆ ಹೊಟ್ಟೆ ಚಪ್ಪಟೆ ಕಾಣಲಿ ಅಂತ ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ. ಬಿಸಿ ಲೈಟು, ಬಿಗಿಯಾದ ಲಂಗ, ನಿಂತೇ ಇರುವ ಕೆಲಸ. ಹನ್ನೊಂದು ಗಂಟೆಗೆ ತಲೆ ತಿರುಗಿ ಬಿದ್ದವರನ್ನು ಈ ಕೈಯಲ್ಲೇ ಹಿಡಿದಿದ್ದೇನೆ. ಎರಡು ಇಡ್ಲಿ ತಿನ್ನಿ, ನೀರು ಕುಡಿಯಿರಿ.

ಹಾಕಿಕೊಂಡು ಹೋಗುವ ಬಟ್ಟೆ ಸಡಿಲ ಇರಲಿ, ಮುಂದೆ ಬಟನ್ ಇರುವ ಶರ್ಟ್ ಆಗಲಿ. ಟೀ ಶರ್ಟ್ ತಲೆಯಿಂದ ಎಳೆದು ತೆಗೆದರೆ ಮೇಕಪ್ಪೂ ಹೋಯಿತು, ಕೂದಲೂ ಹೋಯಿತು. ಜೀನ್ಸ್ ಹಾಕಿಕೊಂಡು ಬಂದರೆ ಸೊಂಟದ ಸುತ್ತ ಪಟ್ಟಿಯ, ಹೊಲಿಗೆಯ ಗುರುತು ಬೀಳುತ್ತದೆ, ಅದು ಹೋಗೋಕೆ ತುಂಬ ಹೊತ್ತು ಬೇಕು. ಒಳಉಡುಪು ನಿಮ್ಮ ಮೈಬಣ್ಣದ್ದು, ಹೊಲಿಗೆ ಕಾಣದ್ದು. ಬಿಳಿ ಬ್ಲೌಸಿನ ಕೆಳಗೆ ಬಿಳಿಯದು ಎದ್ದು ಕಾಣುತ್ತದೆ, ಮೈಬಣ್ಣದ್ದು ಕಾಣಲ್ಲ. ಬೆನ್ನು ತೆರೆದ ಬ್ಲೌಸ್ ಇದ್ದರೆ ಸ್ಟ್ರಾಪ್ ಇಲ್ಲದ್ದೂ ಒಂದು ಇಟ್ಟುಕೊಳ್ಳಿ. ಚೀಲದಲ್ಲಿ ಕಂಕುಳಿಗೆ ಬೆವರಿನ ಪ್ಯಾಡ್, ಎರಡು ಡಜನ್ ಪಿನ್ನು, ಸ್ಟ್ರಾ (ಲಿಪ್‌ಸ್ಟಿಕ್ ಹೋಗದ ಹಾಗೆ ನೀರು ಕುಡಿಯೋಕೆ), ಬಿಂದಿ, ಮಧ್ಯೆ ಹಾಕಿಕೊಳ್ಳೋಕೆ ಮೆತ್ತನೆ ಚಪ್ಪಲಿ. ಹೀಲ್ಸಿನ ಅಡಿ ಚೆನ್ನಾಗಿ ಒರೆಸಿಕೊಂಡು ಹೋಗಿ, ಬಿಳಿ ಬ್ಯಾಕ್‌ಡ್ರಾಪ್ ಮೇಲೆ ಒಂದು ಹೆಜ್ಜೆ ಗುರುತು ಬಿದ್ದರೂ ಯಾರೋ ಕೂತು ಅದನ್ನು ಕಂಪ್ಯೂಟರಿನಲ್ಲಿ ಅಳಿಸಬೇಕು. ರೇಷ್ಮೆ ಉಟ್ಟಾಗ ಸೆಂಟ್ ಹೊಡೆಯಬೇಡಿ, ಕಲೆ ಕೂರುತ್ತದೆ. ಕೈಯಲ್ಲಿ ದೇವಸ್ಥಾನದ ದಾರ ಇದ್ದರೆ, ತೆಗೆಯೋಕೆ ಇಷ್ಟ ಇಲ್ಲದಿದ್ದರೆ, ಇವತ್ತೇ ಹೇಳಿಬಿಡಿ. ಬಳೆಯ ಒಳಗೆ ಮುಚ್ಚುತ್ತಾರೆ.

ದುಡ್ಡು. ನಾಚಿಕೆ ಪಡುವ ಮಾತೇ ಅಲ್ಲ. ಫೋನಿನಲ್ಲಿ ಏನೇ ಮಾತಾಡಿದರೂ ಆಮೇಲೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ತಾರೀಖು, ಜಾಗ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಷ್ಟು ಸೀರೆ, ಎಷ್ಟು ಹಣ, ಯಾವತ್ತು ಕೊಡುತ್ತಾರೆ, ಹೊತ್ತು ಮೀರಿದರೆ ಎಷ್ಟು. "ಸರ್, ನಾವು ಮಾತಾಡಿದ್ದು ಇಷ್ಟು, ಸರಿ ಇದ್ದರೆ ಓಕೆ ಅಂತ ಹಾಕಿ" ಅಂದರೆ ಸಾಕು. ನನಗೂ ಶುರುವಿನಲ್ಲಿ ಒಬ್ಬರು ಮೂರು ದಿನ ದುಡಿಸಿಕೊಂಡು "ಮುಂದಿನ ತಿಂಗಳು" ಅಂತ ವರ್ಷ ಪೂರ್ತಿ ಓಡಾಡಿಸಿದರು, ಬರೆದದ್ದು ಒಂದು ಸಾಲೂ ನನ್ನ ಹತ್ತಿರ ಇರಲಿಲ್ಲ. ಆವತ್ತಿನಿಂದ ಬರೆಯದೆ ಒಂದು ಪಿನ್ನೂ ಹೊಡೆದಿಲ್ಲ.

ಇನ್ನೂ ಮುಖ್ಯವಾದದ್ದು, ಆ ಫೋಟೋ ಎಲ್ಲೆಲ್ಲಿ ಬಳಸುತ್ತಾರೆ, ಎಷ್ಟು ಕಾಲ ಅನ್ನುವುದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು. ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಹಕ್ಕು ತೆಗೆಸಿದವರದ್ದು. ಫೋಟೋದಲ್ಲಿ ನಿಂತಿದ್ದೀರಿ ಅನ್ನುವ ಕಾರಣಕ್ಕೆ ಅದು ನಿಮ್ಮದಾಗುವುದಿಲ್ಲ. ಆದ್ದರಿಂದ ಸಹಿ ಹಾಕುವ ಕಾಗದದಲ್ಲಿ ಬರೆಸಿಕೊಳ್ಳಬೇಕು: ಕ್ಯಾಟಲಾಗ್, ಅಂಗಡಿಯ ವಾಟ್ಸಾಪ್, ಇನ್‌ಸ್ಟಾಗ್ರಾಮ್‌ಗೆ ಒಂದು ವರ್ಷ, ಹೋರ್ಡಿಂಗ್ ಹಾಕುವುದಾದರೆ ಬೇರೆ ಹಣ, ಬೇರೆ ಅಂಗಡಿಗೆ ಕೊಡುವ ಹಾಗಿಲ್ಲ. ಈಗ ಎಐ ಬಂದ ಮೇಲೆ ಇನ್ನೊಂದು ಸಾಲು ಬೇಕೇ ಬೇಕು: ನನ್ನ ಮುಖ ಅಥವಾ ಮೈಯನ್ನು ಬಳಸಿ ನಾನು ಉಡದ ಬಟ್ಟೆಯ ಚಿತ್ರ ತಯಾರಿಸಬಾರದು. ಒಂದು ದಿನದ ಹಣ ಕೊಟ್ಟು ನೂರಾರು ಸೀರೆಗೆ ಒಂದೇ ಮುಖ ಕೂರಿಸುವುದು ಈಗ ಸುಲಭ. ನಿಮಗೆ ಪೋರ್ಟ್‌ಫೋಲಿಯೋಗೆ, ಅಂದರೆ ಮುಂದೆ ಕೆಲಸ ಕೇಳುವಾಗ ತೋರಿಸುವ ಫೋಟೋಗಳ ಸಂಗ್ರಹಕ್ಕೆ, ಐದಾರು ಒಳ್ಳೆಯ ಫೋಟೋ ಕೊಡಬೇಕು ಅಂತಲೂ ಸೇರಿಸಿ. ಕ್ಯಾಟಲಾಗ್ ಹೊರಬರುವ ಮೊದಲು ಅವನ್ನು ನೀವು ಎಲ್ಲೂ ಹಾಕಬೇಡಿ, ಆ ಡಿಸೈನ್ ಇನ್ನೊಂದು ಅಂಗಡಿಗೆ ಗೊತ್ತಾದರೆ ಅವರಿಗೆ ನಷ್ಟ.

ನೀವೇ ಯಾರಿಗಾದರೂ ಹಣ ಕೊಡಬೇಕು ಅಂದರೆ, ಅದು ರಿಜಿಸ್ಟ್ರೇಶನ್ ಇರಲಿ, ಆರ್ಟಿಸ್ಟ್ ಕಾರ್ಡ್ ಇರಲಿ, "ಮೊದಲು ನಮ್ಮಲ್ಲೇ ಪೋರ್ಟ್‌ಫೋಲಿಯೋ ಮಾಡಿಸಿ" ಅನ್ನಲಿ, ಅಲ್ಲಿಗೇ ಮಾತು ನಿಲ್ಲಿಸಿ. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ಆನ್‌ಲೈನಿನಲ್ಲಿ ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸ್ಟುಡಿಯೋದ ವಿಳಾಸ ಮೊದಲೇ ತೆಗೆದುಕೊಳ್ಳಿ, ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ ನೋಡಿ, ಉಡಿಸುವವರು ಹೆಂಗಸರಾ ಅಂತ ಕೇಳಿ. ಸೀರೆ ಅಂತ ಕರೆದು ಅಲ್ಲಿ ಹೋದಮೇಲೆ "ಇದನ್ನೂ ಒಂದು ಹಾಕಿ" ಅಂತ ಬೇರೆ ಬಟ್ಟೆ ತಂದರೆ, ನಿಮಗೆ ಇಷ್ಟ ಇಲ್ಲದಿದ್ದರೆ, "ನಾವು ಮಾತಾಡಿದ್ದು ಸೀರೆ ಸರ್" ಅನ್ನಿ. ಕಾರಣ ಕೊಡಬೇಕಾಗಿಲ್ಲ.

ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿಯುವವರಾದರೆ ಆ ಕೆಲಸವೇ ಬೇಡ. ಮೊದಲೇ ಒಂದು ಮಾತು ತಿಳಿಸಿ. ಅಮ್ಮನಿಗೂ ಒಂದು ಹೇಳಿ: ಲೈಟಿನ ಪಕ್ಕ ನಿಂತು "ನಗು, ನಗು" ಅನ್ನಬಾರದು, ನಿಮ್ಮ ಕಣ್ಣು ಆ ಕಡೆ ಓಡುತ್ತದೆ. ಉಡಿಸುವ ಕೋಣೆಯಲ್ಲಿ ಕೂರಿಸಿ. ನನ್ನಂಥವರಿಗೆ ಮುಗಿದ ಸೀರೆ ಮಡಿಚಿಕೊಡೋಕೆ ಎರಡು ಕೈ ಜಾಸ್ತಿ ಸಿಕ್ಕ ಹಾಗಾಗುತ್ತದೆ. ಅಂಗಡಿಯವರಿಗೆ ಮೆಸೇಜ್ ಹಾಕುವಾಗಲೇ "ಅಮ್ಮನೂ ಬರುತ್ತಾರೆ, ಊಟ ಇಬ್ಬರಿಗೆ" ಅಂತ ಸೇರಿಸಿಬಿಡಿ.